ಸ್ಪ್ಲಿಟ್ ಎಸಿಗೆ ತಾಮ್ರದ ಪೈಪ್ ಎಳೆಯುವಾಗ ಆತುರ ಬೇಡ

ಎಸಿ ಹಾಕಿಸಿ ವರ್ಷ ತುಂಬಿರುವುದಿಲ್ಲ, ಆಗಲೇ "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಅನ್ನುವ ಮಾತು ಶುರುವಾಗುತ್ತದೆ. ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಹಾಕಿದ ಗ್ಯಾಸೇ ಒಳಗೂ ಹೊರಗೂ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಹುಡುಕುತ್ತಾ ಹೋದರೆ ಬಹಳ ಸಲ ಸಿಕ್ಕಿಬೀಳುವುದು ಪೈಪ್ ಹಾಕಿದ ದಿನ ಕೈಯಲ್ಲಿ ಮಾಡಿದ ಜಾಯಿಂಟೇ.

ಈ ಕೆಲಸದಲ್ಲಿ ಒಂದು ಮಾತು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಪೈಪಿನ ಒಳಗೆ ಗ್ಯಾಸ್ ಮತ್ತು ಕಂಪ್ರೆಸರ್ ಎಣ್ಣೆ ಬಿಟ್ಟರೆ ಬೇರೆ ಏನೂ ಇರಬಾರದು. ಗಾಳಿ ಬೇಡ, ನೀರಿನ ಪಸೆ ಬೇಡ, ತಾಮ್ರದ ಚೂರು ಬೇಡ, ಗೋಡೆಯ ಧೂಳು ಬೇಡ. ಇವತ್ತಿನ ಆರ್32, ಆರ್410ಎ ಅನ್ನುವ ಗ್ಯಾಸಿನ ಯಂತ್ರಗಳ ಎಣ್ಣೆ ಪಸೆಯನ್ನು ಬೇಗ ಹೀರಿಕೊಳ್ಳುತ್ತದೆ, ಹೀರಿಕೊಂಡರೆ ಆಮ್ಲವಾಗಿ ಕಂಪ್ರೆಸರನ್ನು ಒಳಗಿನಿಂದಲೇ ತಿನ್ನುತ್ತದೆ.

ಮೊದಲೇ ಹೇಳಿಬಿಡುತ್ತೇನೆ: ಹಲವು ದೇಶಗಳಲ್ಲಿ ಗ್ಯಾಸ್ ಕೆಲಸ ಮಾಡಲು ಲೈಸೆನ್ಸ್ ಬೇಕು. ಆರ್32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್, ಆರ್290 ಅಂದರೆ ಪ್ರೊಪೇನ್, ಅದಂತೂ ಪೂರ್ತಿ ಉರಿಯುತ್ತದೆ. ನೀವೇ ಮಾಡದಿದ್ದರೂ ಇದನ್ನು ಓದಿಕೊಂಡು ಕೆಲಸದವರ ಪಕ್ಕ ನಿಂತರೆ, ಯಾವುದು ಸರಿ ಯಾವುದು ತಪ್ಪು ಅಂತ ಗೊತ್ತಾಗುತ್ತದೆ.

ಪೈಪ್ ಆರಿಸುವುದರಿಂದ ಶುರು ಮಾಡೋಣ. ಎರಡು ಪೈಪ್ ಇರುತ್ತವೆ, ಒಂದು ಸಣ್ಣದು, ಒಂದು ದಪ್ಪ. ಮನೆಯ ಎಸಿಗಳಲ್ಲಿ ಸಣ್ಣದು ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6.35 ಮಿಮೀ. ದಪ್ಪದ್ದು 9.52 ಮಿಮೀ ಅಥವಾ 12.7 ಮಿಮೀ, ದೊಡ್ಡ ಯಂತ್ರಕ್ಕೆ 15.88 ಮಿಮೀ. ಮ್ಯಾನುವಲ್ ಹೇಳಿದ ಅಳತೆಯನ್ನೇ ತನ್ನಿ, ಅಂಗಡಿಯಲ್ಲಿ ಇದ್ದದ್ದನ್ನು ಹೊಂದಿಸಬೇಡಿ. ಎಷ್ಟೋ ಜನ ಬರೀ ವ್ಯಾಸ ನೋಡಿ ತರುತ್ತಾರೆ, ಆದರೆ ಪೈಪಿನ ಗೋಡೆ ಎಷ್ಟು ದಪ್ಪ ಅನ್ನುವುದೂ ಅಷ್ಟೇ ಮುಖ್ಯ. ಆರ್32, ಆರ್410ಎ ಗ್ಯಾಸಿನ ಒತ್ತಡ ಹಳೆಯ ಆರ್22ಗಿಂತ ಜಾಸ್ತಿ, ಹಾಗಾಗಿ 12.7 ಮಿಮೀವರೆಗಿನ ಪೈಪಿಗೆ ಸಾಮಾನ್ಯವಾಗಿ 0.8 ಮಿಮೀ, 15.88ಕ್ಕೆ 1 ಮಿಮೀ ದಪ್ಪ ಕೇಳುತ್ತಾರೆ. ತೆಳು ಪೈಪ್ ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸುವಾಗ ಮಡಚಿಕೊಳ್ಳುತ್ತದೆ, ಫ್ಲೇರ್ ಮಾಡುವಾಗ, ಅಂದರೆ ಜಾಯಿಂಟಿಗಾಗಿ ಪೈಪಿನ ಬಾಯಿಯನ್ನು ಆಲಿಕೆಯ ಹಾಗೆ ಅಗಲಿಸುವಾಗ, ಸೀಳುತ್ತದೆ. ಎರಡೂ ತುದಿಗೆ ಮುಚ್ಚಳ ಇರುವ ಸುರುಳಿಯನ್ನೇ ತೆಗೆದುಕೊಳ್ಳಿ.

ಎರಡು ಯೂನಿಟ್ ನಡುವೆ ದಾರಿ ಆದಷ್ಟು ನೇರವಾಗಿರಲಿ, ತಿರುವು ಕಡಿಮೆ ಇರಲಿ. ಆದರೆ ತೀರಾ ಗಿಡ್ಡ ಪೈಪೂ ಒಳ್ಳೆಯದಲ್ಲ. ಬಹಳ ಮಾಡೆಲ್‌ಗಳಿಗೆ ಕನಿಷ್ಠ ಉದ್ದ ಅಂತ ಒಂದು ಇರುತ್ತದೆ, ಅದಕ್ಕಿಂತ ಗಿಡ್ಡವಾದರೆ ಸದ್ದು, ನಡುಕ ಒಳಗೆ ಬರುತ್ತದೆ. ಹೆಚ್ಚೆಂದರೆ ಎಷ್ಟು ಉದ್ದ, ಎಷ್ಟು ಎತ್ತರದ ವ್ಯತ್ಯಾಸ ಇರಬಹುದು ಅನ್ನುವುದೂ ಅಲ್ಲೇ ಬರೆದಿರುತ್ತದೆ. ಗೋಡೆಗೆ ಸುಮಾರು 65 ಮಿಮೀ ತೂತು ಹೊಡೆಯಿರಿ, ಹೊರಗಿನ ಬಾಯಿ ಒಳಗಿನದಕ್ಕಿಂತ 5ರಿಂದ 10 ಮಿಮೀ ಕೆಳಗಿರಲಿ. ಡ್ರೈನ್ ನೀರು ಹೊರಗೇ ಹರಿಯಬೇಕು, ಮಳೆ ನೀರು ಒಳಗೆ ಬರಬಾರದು. ಪೈಪನ್ನು ಆ ತೂತಿನಲ್ಲಿ ತೂರಿಸುವಾಗ ತುದಿಗೆ ಮುಚ್ಚಳ ಅಥವಾ ಟೇಪ್ ಇದೆಯಾ ನೋಡಿ. ಬರಿ ತುದಿ ತೂರಿಸಿದರೆ ಇಟ್ಟಿಗೆ ಪುಡಿ ಚಮಚದಲ್ಲಿ ತುಂಬಿದ ಹಾಗೆ ಒಳಗೆ ಹೋಗುತ್ತದೆ.

ಸುರುಳಿ ಬಿಚ್ಚುವಾಗ ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಸುರುಳಿಯನ್ನು ಉರುಳಿಸಿಕೊಂಡು ಹೋಗಿ. ಸ್ಪ್ರಿಂಗಿನ ಹಾಗೆ ಎಳೆದರೆ ತಿರುಚಿಕೊಳ್ಳುತ್ತದೆ. ಬಗ್ಗಿಸಲು ಬೆಂಡರ್ ಇದ್ದರೆ ಒಳ್ಳೆಯದು, ಕೈಯಲ್ಲೇ ಬಗ್ಗಿಸುವುದಾದರೆ 10 ಸೆಂಮೀಗಿಂತ ದೊಡ್ಡ ತ್ರಿಜ್ಯದ ತಿರುವು ಕೊಡಿ, ಹೆಬ್ಬೆರಳನ್ನು ಸರಿಸುತ್ತಾ ಸ್ವಲ್ಪ ಸ್ವಲ್ಪವಾಗಿ. ಒಂದೇ ಜಾಗವನ್ನು ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸುತ್ತಾ ಇದ್ದರೆ ತಾಮ್ರ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪೈಪ್ ಚಪ್ಪಟೆಯಾದರೆ ಆ ಭಾಗ ಕತ್ತರಿಸಿ ಬಿಸಾಡಿ, ತಟ್ಟಿ ದುಂಡಗೆ ಮಾಡಲು ಹೋಗಬೇಡಿ.

ಈಗ ಫ್ಲೇರ್. ನನ್ನ ಕೇಳಿದರೆ ಇಡೀ ಕೆಲಸದ ಜೀವ ಇರುವುದೇ ಇಲ್ಲಿ.

ಪೈಪನ್ನು ಕಟರ್‌ನಲ್ಲಿ ಕತ್ತರಿಸಿ, ಹ್ಯಾಕ್ಸಾ ಬ್ಲೇಡ್ ಬೇಡವೇ ಬೇಡ. ಒಂದೊಂದು ಸುತ್ತಿಗೆ ಸ್ವಲ್ಪವೇ ಬಿಗಿ ಮಾಡಿ. ಕತ್ತರಿಸಿದ ಮೇಲೆ ಬಾಯಿಯ ಒಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ಒಂದು ಚೂಪು ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಅದನ್ನು ರೀಮರ್‌ನಿಂದ ತೆಗೆಯಬೇಕು, ತೆಗೆಯುವಾಗ ಪೈಪಿನ ಬಾಯಿ ಕೆಳಕ್ಕಿರಬೇಕು. ಚೂರುಗಳು ನೆಲಕ್ಕೆ ಬೀಳಲಿ, ಪೈಪಿನೊಳಕ್ಕೆ ಬೇಡ. ಆಮೇಲೆ ನಟ್ಟನ್ನು ಪೈಪಿಗೆ ತೂರಿಸಿ, ಫ್ಲೇರ್ ಮಾಡುವ ಮೊದಲೇ. ಮರೆತರೆ ಮಾಡಿದ ಫ್ಲೇರನ್ನು ಕತ್ತರಿಸಿ ಮತ್ತೆ ಮಾಡಬೇಕಾಗುತ್ತದೆ. ಈಗಿನ ಕ್ಲಚ್ ಇರುವ ಫ್ಲೇರ್ ಟೂಲ್ ಆದರೆ ಪೈಪ್ ಹಿಡಿಕೆಯಿಂದ 0ರಿಂದ 0.5 ಮಿಮೀ ಮಾತ್ರ ಮೇಲಿರಬೇಕು, ಹಳೆಯ ಟೂಲ್ ಆದರೆ 1ರಿಂದ 1.5 ಮಿಮೀ.

ಫ್ಲೇರ್ ಆದ ಮೇಲೆ ಒಂದು ನಿಮಿಷ ತಡೆಯಿರಿ. ಟಾರ್ಚ್ ಹಿಡಿದು ಒಳಮುಖ ನೋಡಿ. ಕನ್ನಡಿಯ ಹಾಗೆ ಹೊಳೆಯಬೇಕು, ಸುತ್ತಲೂ ಅಗಲ ಒಂದೇ ಸಮ ಇರಬೇಕು, ಅಂಚಿನಲ್ಲಿ ಸೀಳು ಇರಬಾರದು. ನಾನು ಮಾಡಿದ ಒಂದು ಜಾಯಿಂಟ್ ಮೂರು ತಿಂಗಳಿಗೆ ಸೋರಿ, ನಟ್ ಬಿಚ್ಚಿ ನೋಡಿದಾಗ ಫ್ಲೇರಿನ ಮುಖದ ಮೇಲೆ ಕೂದಲೆಳೆಯಷ್ಟು ಒಂದು ಗೀರು ಇತ್ತು. ರೀಮರ್ ಆಡಿಸುವಾಗ ಉಳಿದ ಒಂದು ಚೂರು ಫ್ಲೇರ್ ಟೂಲಿನ ಕೋನಿಗೆ ಅಂಟಿಕೊಂಡು ಎಳೆದ ಗೀರು ಅದು. ಬರಿಗಣ್ಣಿಗೆ ಕಾಣುವುದೇ ಕಷ್ಟ, ಓರೆಯಾಗಿ ಬೆಳಕು ಬಿಟ್ಟಾಗ ಮಾತ್ರ ಮಿಂಚಿತು. ಅಷ್ಟು ಸಣ್ಣ ದಾರಿ ಸಾಕು, ಗ್ಯಾಸ್ ನಿಧಾನವಾಗಿ ಹೊರಟುಹೋಗುತ್ತದೆ. ಅವತ್ತಿನಿಂದ ಕೋನನ್ನು ಪ್ರತಿ ಸಲ ಒರೆಸುತ್ತೇನೆ, ಮುಖ ಇಷ್ಟವಾಗದಿದ್ದರೆ ಕತ್ತರಿಸಿ ಹೊಸದು ಮಾಡುತ್ತೇನೆ. ಅದಕ್ಕೇ ಪೈಪನ್ನು ಸ್ವಲ್ಪ ಉದ್ದ ಬಿಟ್ಟುಕೊಂಡಿರಬೇಕು.

ಇಂಡೋರ್ ಯೂನಿಟ್‌ನ ಪೈಪಿನ ಮುಚ್ಚಳ ಬಿಚ್ಚಿದಾಗ ಬಹಳ ಯಂತ್ರಗಳಲ್ಲಿ ಸುಯ್ ಅಂತ ಸದ್ದು ಬರುತ್ತದೆ. ಫ್ಯಾಕ್ಟರಿಯಲ್ಲಿ ತುಂಬಿದ ಒಣ ಗ್ಯಾಸ್ ಅದು, ಒಳಗಿನ ಕಾಯಿಲ್ ಎಲ್ಲೂ ಸೋರಿಲ್ಲ ಅನ್ನುವ ಗುರುತು. ಫ್ಲೇರಿನ ಮುಖಕ್ಕೆ ಕಂಪ್ರೆಸರ್ ಎಣ್ಣೆ ಒಂದು ಹನಿ ಸವರಿ, ಥ್ರೆಡ್‌ಗೆ ಬೇಡ. ಎರಡೂ ಪೈಪುಗಳ ನಡು ಸರಿಯಾಗಿ ಎದುರುಬದುರು ಹಿಡಿದು ನಟ್ಟನ್ನು ಮೂರು ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಓರೆಯಾಗಿದೆ ಅಂತ, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಆಮೇಲೆ ಎರಡು ಸ್ಪ್ಯಾನರ್, ಒಂದು ಹಿಡಿದುಕೊಳ್ಳಲು, ಇನ್ನೊಂದು ಟಾರ್ಕ್ ರೆಂಚ್. 6.35ಕ್ಕೆ 14ರಿಂದ 18 ನ್ಯೂಟನ್ ಮೀಟರ್, 9.52ಕ್ಕೆ 34ರಿಂದ 42, 12.7ಕ್ಕೆ 49ರಿಂದ 61. ನಿಮ್ಮ ಮ್ಯಾನುವಲ್ ಬೇರೆ ಹೇಳಿದರೆ ಅದನ್ನೇ ನಂಬಿ. ಜಾಸ್ತಿ ಬಿಗಿ ಮಾಡಿದರೆ ಗಟ್ಟಿ ಅಂದುಕೊಳ್ಳುವುದು ದೊಡ್ಡ ತಪ್ಪು, ಅತಿ ಬಿಗಿಗೆ ತಾಮ್ರ ತೆಳುವಾಗಿ ನಟ್ ಒಳಗೇ ಸೀಳುತ್ತದೆ.

ಮಧ್ಯದಲ್ಲಿ ಬೆಸುಗೆ ಜಾಯಿಂಟ್ ಬೇಕೇ ಬೇಕಾದರೆ ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಸುತ್ತಾ ಬೆಸೆಯಬೇಕು, ಇಲ್ಲದಿದ್ದರೆ ಒಳಗೆ ಕಪ್ಪು ಹೊಟ್ಟು ಕಟ್ಟಿ ಆಮೇಲೆ ಉದುರುತ್ತದೆ.

ಇನ್ಸುಲೇಶನ್ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ನೋಡಿದ್ದೇನೆ. ದಪ್ಪ ಪೈಪಿಗೆ ಮಾತ್ರ ತೊಡಿಸಿ ಸಣ್ಣದನ್ನು ಬರಿದಾಗಿ ಬಿಡುತ್ತಾರೆ, ಇಲ್ಲವೇ ಎರಡನ್ನೂ ಒಂದೇ ತೋಳಿನಲ್ಲಿ ತುರುಕುತ್ತಾರೆ. ಬಹಳ ಸ್ಪ್ಲಿಟ್ ಎಸಿಗಳಲ್ಲಿ ಗ್ಯಾಸಿನ ಒತ್ತಡ ಇಳಿಸುವ ಭಾಗ ಔಟ್‌ಡೋರ್ ಯೂನಿಟ್‌ನಲ್ಲೇ ಇರುತ್ತದೆ. ಹಾಗಾಗಿ ಸಣ್ಣ ಪೈಪೂ ತಣ್ಣಗಾಗಿ ಬೆವರುತ್ತದೆ. ಎರಡಕ್ಕೂ ಬೇರೆ ಬೇರೆ ತೊಡಿಸಿ, ಸಂದು ಬಿಡಬೇಡಿ. ಆದರೆ ಜಾಯಿಂಟ್ ಇರುವ ಜಾಗವನ್ನು ಟೆಸ್ಟ್ ಮುಗಿಯುವವರೆಗೆ ಮುಚ್ಚಬೇಡಿ.

ಟೆಸ್ಟ್ ಅಂದರೆ ಸೋರಿಕೆ ಇದೆಯಾ ಅಂತ ಪೈಪಿನೊಳಗೆ ನೈಟ್ರೋಜನ್ ತುಂಬಿಸಿ ನೋಡುವುದು, ರೆಗ್ಯುಲೇಟರ್ ಹಾಕಿದ ಸಿಲಿಂಡರಿನಿಂದ. ಆಕ್ಸಿಜನ್ ಯಾವತ್ತೂ ಬೇಡ, ಎಣ್ಣೆ ಜೊತೆ ಸೇರಿ ಸ್ಫೋಟವಾಗುತ್ತದೆ. ಔಟ್‌ಡೋರ್ ಯೂನಿಟ್‌ನ ಎರಡೂ ವಾಲ್ವ್ ಮುಚ್ಚೇ ಇರಲಿ, ಸರ್ವಿಸ್ ಪೋರ್ಟಿನಿಂದ ತುಂಬಿಸಿ. ಮೊದಲು 5 ಬಾರ್‌ಗೆ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ, ಆಮೇಲೆ 15, ಆಮೇಲೆ ಮ್ಯಾನುವಲ್ ಹೇಳಿದ ಒತ್ತಡ. ಆರ್32, ಆರ್410ಎಗೆ ಅದು 40 ಬಾರ್ ಆಸುಪಾಸು ಇರುತ್ತದೆ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ, ಒತ್ತಡದ ಗೇಜಿನ ಮುಳ್ಳು ಎಲ್ಲಿದೆ ಅಂತ ಬರೆದಿಟ್ಟುಕೊಂಡು ಸಾಧ್ಯವಾದರೆ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. ಹವೆ 5 ಡಿಗ್ರಿ ತಣ್ಣಗಾದರೆ 40 ಬಾರ್‌ನಲ್ಲಿ ಸುಮಾರು 0.7 ಬಾರ್ ಸುಮ್ನೆ ಇಳಿಯುತ್ತದೆ, ಅದಕ್ಕಿಂತ ಜಾಸ್ತಿ ಇಳಿದರೆ ಹುಡುಕಲೇಬೇಕು.

ನೈಟ್ರೋಜನ್ ಹೊರಬಿಟ್ಟ ಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಪೈಪಿನೊಳಗೆ ಉಳಿದದ್ದನ್ನೆಲ್ಲ ಹೊರಗೆಳೆಯುವುದು. ಕೆಲವರು ಪಂಪ್ ತರುವುದೇ ಇಲ್ಲ, ಯಂತ್ರದ ಗ್ಯಾಸನ್ನೇ ಚೂರು ಬಿಟ್ಟು ಗಾಳಿ ಹೊರದಬ್ಬಿ "ಆಯ್ತು" ಅಂತಾರೆ. ಪಸೆ ಹಾಗೆಲ್ಲ ಹೋಗುವುದಿಲ್ಲ, ಪೈಪಿನ ಗೋಡೆಗೇ ಅಂಟಿಕೊಂಡಿರುತ್ತದೆ. ವ್ಯಾಕ್ಯೂಮ್ ಮಾಡುವ ಕೆಲಸ ಬೇರೆಯೇ: ಒತ್ತಡ ಕಡಿಮೆಯಾದ ಹಾಗೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹೊರಗಿನ ಗಾಳಿಯ ಒತ್ತಡ 7,60,000 ಮೈಕ್ರಾನ್ (ಇಲ್ಲಿ ಮೈಕ್ರಾನ್ ಅನ್ನುವುದು ಒತ್ತಡದ ಅಳತೆ), ಅದನ್ನು 24,000ಕ್ಕಿಂತ ಕೆಳಗಿಳಿಸಿದರೆ ನೀರು 25 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಪಂಪ್ ಅದನ್ನು ಎಳೆದು ಹಾಕುತ್ತದೆ. ನಾವು ಇಳಿಸಬೇಕಾದದ್ದು 500 ಮೈಕ್ರಾನ್‌ವರೆಗೆ. ಮಾಮೂಲಿ ಗೇಜಿನ ಮುಳ್ಳು ಇಷ್ಟು ಸೂಕ್ಷ್ಮವಾಗಿ ತೋರಿಸುವುದಿಲ್ಲ, ಮೈಕ್ರಾನ್ ಗೇಜ್ ಬೇಕು. ಗಡಿಯಾರ ನೋಡಿ "ಹದಿನೈದು ನಿಮಿಷ ಆಯಿತಲ್ಲ" ಅಂತ ನಿಲ್ಲಿಸಬೇಡಿ, ಅಂಕಿ ನೋಡಿ ನಿಲ್ಲಿಸಿ. ಪಂಪನ್ನು ಬೇರ್ಪಡಿಸಿ ಹತ್ತು ನಿಮಿಷ ಕಾಯಿರಿ. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಇನ್ನೂ ಪಸೆ ಇದೆ, ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇದೆ.

ಎಲ್ಲ ಸರಿಯಿದ್ದರೆ ಅಲೆನ್ ಕೀ ಹಾಕಿ ಸಣ್ಣ ಪೈಪಿನ ವಾಲ್ವ್ ಮೊದಲು ತೆಗೆಯಿರಿ, ಆಮೇಲೆ ದಪ್ಪದ್ದು, ಎರಡನ್ನೂ ಪೂರ್ತಿ. ಮುಚ್ಚಳಗಳನ್ನು ಮರೆಯದೆ ಬಿಗಿ ಮಾಡಿ, ಅವೂ ಸೋರಿಕೆ ತಡೆಯುತ್ತವೆ. ವಾಲ್ವ್ ಮುಚ್ಚಿಟ್ಟು, ಅಥವಾ ಪೈಪ್ ಎಲ್ಲಾದರೂ ತೆರೆದಿರುವಾಗ ಕಂಪ್ರೆಸರ್ ಓಡಿಸಲೇಬೇಡಿ. ಗಾಳಿ ಒಳಗೆ ಸೇರಿ ಒತ್ತಡಕ್ಕೆ ಸಿಕ್ಕರೆ ಕಂಪ್ರೆಸರ್ ಸಿಡಿದು ಜನ ಗಾಯಗೊಂಡಿದ್ದಾರೆ.

ಯಂತ್ರದಲ್ಲಿ ಮೊದಲೇ ತುಂಬಿರುವ ಗ್ಯಾಸ್ ಇಷ್ಟು ಮೀಟರ್ ಪೈಪಿಗೆ ಅಂತ ಲೆಕ್ಕ ಇರುತ್ತದೆ. ಅದಕ್ಕಿಂತ ಉದ್ದವಾದರೆ ಮೀಟರಿಗೆ ಇಷ್ಟು ಗ್ರಾಂ ಸೇರಿಸಬೇಕು, ಕಾಲು ಇಂಚಿನ ಪೈಪಿಗೆ ಬಹಳ ಮ್ಯಾನುವಲ್‌ಗಳಲ್ಲಿ ಅದು 15ರಿಂದ 20 ಗ್ರಾಂ. ತೂಕದ ಯಂತ್ರದಲ್ಲಿ ಅಳೆದೇ ಹಾಕಿ, ಗೇಜ್ ನೋಡಿ ಅಂದಾಜಿಗೆ ಬೇಡ.

ಕೊನೆಗೆ ಜಾಯಿಂಟುಗಳಿಗೆ ಇನ್ಸುಲೇಶನ್ ಹೊದಿಸಿ, ಹೊರಗಿನ ಭಾಗಕ್ಕೆ ಬಿಸಿಲು ತಡೆಯುವ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮಳೆ ನೀರು ಮಡಿಕೆಯೊಳಗೆ ಇಳಿಯದ ಹಾಗೆ. ಗೋಡೆಯ ತೂತನ್ನು ಪುಟ್ಟಿಯಿಂದ ಮುಚ್ಚಿ. ಪೈಪಿನ ಉದ್ದ, ಸೇರಿಸಿದ ಗ್ಯಾಸಿನ ತೂಕ, ತಾರೀಖು ಇಷ್ಟನ್ನೂ ಬರೆದು ಔಟ್‌ಡೋರ್ ಯೂನಿಟ್‌ನ ವಾಲ್ವ್ ಮುಚ್ಚುವ ತಗಡಿನ ಒಳಗೆ ಅಂಟಿಸಿ, ಮುಂದೆ ರಿಪೇರಿಗೆ ಬಂದವರು ಮೊದಲು ಬಿಚ್ಚುವುದು ಅದನ್ನೇ.