ಪರದೆಯ ಕೆಳಗೆ ಓಡುತ್ತಿದ್ದ ಖಾತೆ ಸಂಖ್ಯೆ

ಚಿಕ್ಕಮಗಳೂರಿನ ಸ್ಥಳೀಯ ಕೇಬಲ್ ವಾಹಿನಿಯೊಂದರಲ್ಲಿ 2003ರಿಂದ ಸುದ್ದಿ ಬರೆಯುವ, ಓದುವ, ಅಗತ್ಯ ಬಿದ್ದರೆ ಕ್ಯಾಮೆರಾವನ್ನೂ ಹೊರುವ ಕೆಲಸ ಮಾಡಿಕೊಂಡು ಬಂದವನು ನಾನು. ಸಂಜೆ ಏಳೂವರೆಯ ವಾರ್ತೆ ಮುಗಿಯುವ ಹೊತ್ತಿಗೆ ‘ನೆರವಿಗೆ ಮನವಿ’ ಎಂಬ ಮೂರು ನಿಮಿಷದ ಭಾಗವೊಂದು ಬರುತ್ತಿತ್ತು. ಚಿಕಿತ್ಸೆಗೆ ಹಣವಿಲ್ಲದ ಒಂದು ಕುಟುಂಬ, ರೋಗಿಯ ಚಿತ್ರ, ಪರದೆಯ ಕೆಳಗೆ ಎಡಕ್ಕೆ ಓಡುವ ಬ್ಯಾಂಕ್ ಖಾತೆಯ ಸಂಖ್ಯೆ, ಇಷ್ಟೇ ಅದರ ಸ್ವರೂಪ. ಈ ಭಾಗವನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಾನೇ ಸಿದ್ಧಪಡಿಸಿದೆ. ಜನರು ಅದಕ್ಕೆ ಓಗೊಟ್ಟ ಕಾಲವನ್ನೂ ನೋಡಿದೆ, ಚಾನೆಲ್ ಬದಲಿಸಿ ಮುಂದೆ ಹೋದ ಕಾಲವನ್ನೂ ನೋಡಿದೆ.

ಆರಂಭದ ವರ್ಷಗಳಲ್ಲಿ ಸ್ಪಂದನೆ ನಮಗೇ ಗಾಬರಿ ಹುಟ್ಟಿಸುವಷ್ಟಿತ್ತು. 2006ರಲ್ಲಿ ಆಲ್ದೂರು ಕಡೆಯ ತೋಟವೊಂದರ ಕಾರ್ಮಿಕರ ಲೈನ್ ಮನೆಯಲ್ಲಿದ್ದ ಬಾಲಕಿಯ ಶಸ್ತ್ರಚಿಕಿತ್ಸೆಗೆ ಮನವಿ ಪ್ರಸಾರವಾದಾಗ ನಾಲ್ಕೇ ದಿನಗಳಲ್ಲಿ 1 ಲಕ್ಷ 80 ಸಾವಿರ ರೂಪಾಯಿ ಬಂದಿತು. ಆಟೋ ಚಾಲಕರು ಒಂದು ದಿನದ ದುಡಿಮೆಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರು ಕೂಲಿಯಾಳುಗಳಿಂದ ಐದು, ಹತ್ತು ರೂಪಾಯಿ ಕೂಡಿಸಿ, ಹೆಸರು ಸಹಿತ ಪಟ್ಟಿ ಬರೆದು ತಂದಿದ್ದರು. ಇಂಥ ಪಟ್ಟಿಯೊಂದು ಎಷ್ಟು ದೊಡ್ಡ ವಸ್ತು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಎಣಿಸಿದೆ, ಮಡಚಿದೆ, ಮೇಜಿನ ಖಾನೆಗೆ ಹಾಕಿದೆ. ಹಣ ಕೊಟ್ಟವರಿಗೆ ಅದು ಹೇಗೆ ಖರ್ಚಾಯಿತೆಂದು ತಿಳಿಸುವ ಪದ್ಧತಿಯೇ ನಮ್ಮಲ್ಲಿರಲಿಲ್ಲ.

ನಮ್ಮಲ್ಲಿದ್ದ ಪದ್ಧತಿಯೇ ಬೇರೆ. ಹಿನ್ನೆಲೆಗೆ ಕೊಳಲಿನ ಶೋಕಸಂಗೀತ, ತಾಯಿ ಅಳುವ ಕ್ಷಣಕ್ಕೆ ಕಾದು ತೆಗೆದ ಹತ್ತಿರದ ದೃಶ್ಯ, ‘ಸಹೃದಯ ದಾನಿಗಳಲ್ಲಿ ಕಳಕಳಿಯ ಪ್ರಾರ್ಥನೆ’ ಎಂಬ ಸವೆದ ಮಾತು. ತಾಯಿ ಅಳದಿದ್ದರೆ ಅಳು ಬರುವಂಥ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಬರೆಯಲು ನಾಚಿಕೆಯಾದರೂ, ಮುಂದಿನ ಮಾತಿಗೆ ಇದು ಬೇಕಾಗಿರುವುದರಿಂದ ಹೇಳುತ್ತಿದ್ದೇನೆ.

2012ರ ನಂತರ ಬರುವ ಮೊತ್ತ ಇಳಿಯತೊಡಗಿತು. ಮೊದಲಿಗೆ ಅದು ಋತುವಿನ ಏರಿಳಿತವೆಂದು ತಿಳಿದೆವು. ನಮ್ಮ ಜಿಲ್ಲೆಯಲ್ಲಿ ಕೊಡುವ ಕೈ ಯಾವಾಗ ಸಡಿಲವಾಗುತ್ತದೆಂಬುದು ಕಾಫಿಯನ್ನು ಅವಲಂಬಿಸಿದೆ. ಅರೇಬಿಕಾ ಕುಯ್ಲು ಮುಗಿದು, ರೊಬಸ್ಟಾ ಒಣಗಿ, ಮೂಟೆ ಮಾರಾಟವಾಗುವ ಫೆಬ್ರುವರಿ–ಮಾರ್ಚ್‌ನಲ್ಲಿ ಬರುವ ಹಣ, ಮಳೆ ಹಿಡಿದ ಜುಲೈನಲ್ಲಿ ಬರುವುದಿಲ್ಲ. ಆದರೆ ಕಾಫಿ ಹೂವರಳಿಸುವ ಹೂಮಳೆ ಸರಿಯಾಗಿ ಬಿದ್ದು ಎಲ್ಲರೂ ಸಮಾಧಾನದಲ್ಲಿದ್ದ ವರ್ಷದಲ್ಲಿಯೂ ಒಂದು ಮನವಿಗೆ ಬಂದದ್ದು ಕೇವಲ 18 ಸಾವಿರ. ಆಗ ತಂತ್ರಜ್ಞಾನವನ್ನು ದೂರಿದೆವು. ಕೇಬಲ್ ಡಿಜಿಟಲ್ ಆದ ಮೇಲೆ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂದು, ಮೊದಲ ಹತ್ತರೊಳಗೆ ಸಿಗುತ್ತಿದ್ದ ನಮ್ಮ ವಾಹಿನಿ ನೂರಾರು ಸಂಖ್ಯೆಗಳ ಆಚೆ ಹೋಗಿ ಕುಳಿತಿತು. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಯಾಗಿ, ಬೇಕಾದ ಚಾನೆಲ್‌ಗಳಿಗೆ ಮಾತ್ರ ಹಣ ಕಟ್ಟುವಂತಾದಾಗ ಅನೇಕ ಮನೆಗಳು ಕೇಬಲ್ ಸಂಪರ್ಕವನ್ನೇ ಬಿಟ್ಟವು. ಹಳ್ಳಿಗಳ ಮಾಡಿನ ಮೇಲೆ ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ನ ತಟ್ಟೆಗಳು ಎದ್ದವು. ಇದೆಲ್ಲ ನಿಜವೇ. ಆದರೆ ಇದನ್ನೇ ಹೇಳಿಕೊಂಡು ಕೂತಿದ್ದರೆ ನಮಗೆ ನಮ್ಮ ತಪ್ಪು ಕಾಣುತ್ತಿರಲಿಲ್ಲ.

ತಪ್ಪನ್ನು ಕಾಣಿಸಿದವರು ಒಬ್ಬ ಕಿರಾಣಿ ಅಂಗಡಿಯವರು. ಮನವಿ ಪ್ರಸಾರವಾದಾಗಲೆಲ್ಲ ರೋಗಿಯ ಚಿತ್ರ ಅಂಟಿಸಿದ ಡಬ್ಬಿಯನ್ನು ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಡುತ್ತಿದ್ದೆವು. 2016ರಲ್ಲಿ ಹೊಸ ಡಬ್ಬಿ ತೆಗೆದುಕೊಂಡು ಹೋದಾಗ ಅವರು ಕೈ ಚಾಚಲಿಲ್ಲ. “ಜಾಗ ಇಲ್ಲ ಅಂತಲ್ಲ ಸಾರ್. ಹಳೇ ಡಬ್ಬಿ ಹುಡುಗ ಏನಾದ ಅಂತ ಗಿರಾಕಿಗಳು ಕೇಳ್ತಾರೆ. ನಾನು ಏನಂತ ಹೇಳಲಿ, ನೀವೇ ಹೇಳಿ” ಎಂದರು. ನನ್ನಲ್ಲಿಯೂ ಉತ್ತರವಿರಲಿಲ್ಲ.

ಉತ್ತರ ಹುಡುಕಿಕೊಂಡು ಕಡೂರು ಕಡೆಯ ಆ ಹುಡುಗನ ಮನೆಗೆ ಹೋದೆ. ಹುಡುಗ ಗಟ್ಟಿಮುಟ್ಟಾಗಿ ಅಂಗಳದಲ್ಲಿ ಆಡುತ್ತಿದ್ದ. ಅವನ ಹೃದಯದ ಶಸ್ತ್ರಚಿಕಿತ್ಸೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತವಾಗಿ ನಡೆದಿತ್ತು. 2013ರಲ್ಲಿ ಆರಂಭವಾದ ಆ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಿ, ಹುಟ್ಟಿನಿಂದ ಬಂದ ಹೃದಯದ ತೊಂದರೆಯಂಥವುಗಳಿಗೆ ಉಚಿತ ಚಿಕಿತ್ಸೆ ಕೊಡಿಸುತ್ತಾರೆಂಬುದು ನನಗೆ ಗೊತ್ತಿತ್ತು. ಅದರ ಬಗ್ಗೆ ಸುದ್ದಿಯನ್ನೂ ಓದಿದ್ದೆ. ಆದರೂ ಮನವಿ ಪ್ರಸಾರ ಮಾಡುವ ಮುನ್ನ ವಿಚಾರಿಸಿರಲಿಲ್ಲ. ನಾವು ಕೂಡಿಸಿಕೊಟ್ಟ ಸುಮಾರು 3 ಲಕ್ಷ ರೂಪಾಯಿ ಕುಟುಂಬದ ಹಿರಿಯರೊಬ್ಬರ ಕೈ ಸೇರಿ, ಹಳೆಯ ಸಾಲಕ್ಕೂ ಒಂದು ಬೈಕಿಗೂ ಹೋಗಿತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಡವರ ಮನೆಗೆ ಷರತ್ತಿಲ್ಲದೆ ಮೂರು ಲಕ್ಷ ಬಂದರೆ ಸಾಲ ತೀರಿಸುವುದು ಸಹಜ. ಸುದ್ದಿ ಮಾತ್ರ ಊರು ತುಂಬಾ ಹರಡಿತ್ತು, ನಮ್ಮ ವಾರ್ತೆಯೊಂದನ್ನು ಬಿಟ್ಟು.

ಇದು ನಮ್ಮೂರಿನ ಪಾಡು ಮಾತ್ರವೇ ಎಂಬ ಕುತೂಹಲದಿಂದ ಹೊರದೇಶಗಳ ದೂರದರ್ಶನ ಮನವಿಗಳ ಕುರಿತು ಓದಿದೆ. ಅಮೆರಿಕದಲ್ಲಿ ಹಾಸ್ಯನಟ ಜೆರ್ರಿ ಲೂಯಿಸ್ ಸ್ನಾಯುಕ್ಷಯದ ರೋಗಿಗಳಿಗಾಗಿ 1966ರಿಂದ ಪ್ರತಿವರ್ಷ ಕಾರ್ಮಿಕರ ದಿನದ ರಜೆಯಲ್ಲಿ ನಡೆಸುತ್ತಿದ್ದ ನೇರ ಪ್ರಸಾರ 20 ಗಂಟೆಗೂ ಮೀರಿ ಸಾಗುತ್ತಿತ್ತು. 2008ರಲ್ಲಿ 6 ಕೋಟಿ 50 ಲಕ್ಷ ಡಾಲರ್ ಕೂಡಿದ್ದು ಅದರ ದಾಖಲೆ. 2011ರಲ್ಲಿ ಅವರಿಲ್ಲದೆ ನಡೆದ ಅದು ಆರು ಗಂಟೆಗೆ ಇಳಿದು, 2014ರ ಎರಡು ಗಂಟೆಯ ಪ್ರಸಾರದೊಂದಿಗೆ ನಿಂತೇಹೋಯಿತು. ಬ್ರಿಟನ್ನಿನಲ್ಲಿ 1988ರಿಂದ ಬಿಬಿಸಿಯಲ್ಲಿ ನಡೆದುಬಂದ ‘ರೆಡ್ ನೋಸ್ ಡೇ’ ಎಂಬ ದೇಣಿಗೆ ಕಾರ್ಯಕ್ರಮದ ರಾತ್ರಿಯ ಸಂಗ್ರಹ 2017ರಲ್ಲಿ 7 ಕೋಟಿ 13 ಲಕ್ಷ ಪೌಂಡ್ ಇದ್ದುದು 2019ರಲ್ಲಿ 6 ಕೋಟಿ 35 ಲಕ್ಷಕ್ಕೆ ಇಳಿಯಿತು. ಆ ವರ್ಷ ನಿರೂಪಕಿಯೊಬ್ಬರು ಉಗಾಂಡಾದ ಮಗುವನ್ನು ಎತ್ತಿಕೊಂಡ ಚಿತ್ರವನ್ನು ಸಂಸದ ಡೇವಿಡ್ ಲ್ಯಾಮಿ ಟೀಕಿಸಿದರು; ಬಿಳಿಯರೇ ಬಂದು ಆಫ್ರಿಕವನ್ನು ಉದ್ಧರಿಸಬೇಕೆಂಬಂತೆ ತೋರಿಸುವುದು ಬೇಡವೆಂಬುದು ಅವರ ತಕರಾರಾಗಿತ್ತು. ಮರುವರ್ಷ ಆ ಕಾರ್ಯಕ್ರಮ ನಡೆಸುವ ಕಾಮಿಕ್ ರಿಲೀಫ್ ಸಂಸ್ಥೆ, ಹೆಸರಾಂತರನ್ನು ಆಫ್ರಿಕಕ್ಕೆ ಕಳುಹಿಸಿ ಮನವಿ ಚಿತ್ರ ತೆಗೆಯುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅದಕ್ಕೂ ಮುನ್ನ, 1992ರಲ್ಲಿ, ಬ್ರಿಟನ್ನಿನದೇ ಖಾಸಗಿ ವಾಹಿನಿ ಐಟಿವಿಯ ಇಂಥದೇ ಪ್ರಸಾರದ ಸ್ಟುಡಿಯೋ ಎದುರು ಅಂಗವಿಕಲರೇ ನೆರೆದು, ತಮ್ಮನ್ನು ಕನಿಕರದ ವಸ್ತುವನ್ನಾಗಿ ತೋರಿಸಬಾರದೆಂದು ಪ್ರತಿಭಟಿಸಿದ್ದರು. ಅದೇ ಆ ಕಾರ್ಯಕ್ರಮದ ಕೊನೆಯ ಪ್ರಸಾರವಾಯಿತು. ನಾನು ಅಳಿಸಿದ ತಾಯಂದಿರಿಗೆ ನಮ್ಮ ಕಚೇರಿಯ ಎದುರು ಬಂದು ನಿಲ್ಲುವ ಅನುಕೂಲವಿರಲಿಲ್ಲ, ಅಷ್ಟೇ ವ್ಯತ್ಯಾಸ.

2017ರಲ್ಲಿ ಆರು ತಿಂಗಳು ಮನವಿಗಳನ್ನೇ ನಿಲ್ಲಿಸಿದೆವು. ಆ ಅವಧಿಯಲ್ಲಿ ಹಳೆಯ ಇಪ್ಪತ್ತೆರಡು ಮನವಿಗಳ ಜಾಡು ಹಿಡಿದು ಹೋಗಿ, ಸಿಕ್ಕಷ್ಟು ಲೆಕ್ಕವನ್ನು ವಾರಕ್ಕೊಂದರಂತೆ ಅದೇ ಏಳೂವರೆಯ ವಾರ್ತೆಯಲ್ಲಿ ಓದಿದೆ. ಯಾರು ಗುಣವಾದರು, ಯಾರು ತೀರಿಕೊಂಡರು, ಎಷ್ಟು ಹಣದ ಲೆಕ್ಕ ಸಿಗಲಿಲ್ಲ ಎಂಬುದನ್ನು ಬಿಡದೆ ಹೇಳಿದೆ. ಕಡೂರಿನ ಹುಡುಗನ ವಿಷಯದಲ್ಲಿ ಕುಟುಂಬದ ಹೆಸರೆತ್ತದೆ, ವಿಚಾರಿಸದೆ ಮನವಿ ಪ್ರಸಾರ ಮಾಡಿದ್ದು ವಾಹಿನಿಯ ತಪ್ಪೆಂದು ಓದಿದೆ. ವಾಹಿನಿಯ ಮಾಲೀಕರಿಗೆ ಇದು ಇಷ್ಟವಿರಲಿಲ್ಲ. “ಮುಚ್ಚಿಹೋದ ಹುಣ್ಣು ಯಾಕೆ ಕೆರೀತೀಯಾ ಮಾರಾಯ” ಎಂದು ಎರಡು ಬಾರಿ ಹೇಳಿದರು. ಆದರೂ ತಡೆಯಲಿಲ್ಲ.

ಮತ್ತೆ ಆರಂಭಿಸಿದಾಗ ಕೆಲಸದ ಕ್ರಮವೇ ಬದಲಾಯಿತು. ಯಾರಾದರೂ ನೆರವು ಕೇಳಿ ಬಂದರೆ ಕ್ಯಾಮೆರಾ ತೆಗೆಯುವ ಮೊದಲು ಪಡಿತರ ಚೀಟಿ ನೋಡುತ್ತೇನೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಬೇಕಾಗಿದ್ದುದು ಹಣವಲ್ಲ. ಜಿಲ್ಲಾ ಆಸ್ಪತ್ರೆಯಿಂದ ಮೇಲಿನ ಆಸ್ಪತ್ರೆಗೆ ಬರೆಯಿಸಿಕೊಂಡು ಹೋಗಬೇಕಾದ ಶಿಫಾರಸು ಪತ್ರ ಮತ್ತು ಅದನ್ನು ಕೇಳಿ ಪಡೆಯುವ ಧೈರ್ಯ. ಉಳಿದವರಲ್ಲಿ ಕೆಲವರಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಬರೆದುಕೊಟ್ಟೆವು. ಹೀಗೆ ಸೋಸಿದ ಮೇಲೆ ವರ್ಷಕ್ಕೆ ಮೂವತ್ತರಷ್ಟಿದ್ದ ಮನವಿಗಳು ಏಳೆಂಟಕ್ಕೆ ಇಳಿದವು. “ಸರ್ಕಾರದ ಕಾರ್ಡ್ ಇರುವಾಗ ಟಿವಿಯಲ್ಲಿ ಯಾಕೆ ಕೇಳ್ತಾರೆ” ಎಂದು ವೀಕ್ಷಕರು ಕೇಳುವ ಪ್ರಶ್ನೆಗೆ ಈಗ ಮನವಿಯ ಮೊದಲ ವಾಕ್ಯದಲ್ಲಿಯೇ ಉತ್ತರವಿರುತ್ತದೆ: ಕಾರ್ಡ್‌ನಿಂದ ಸಿಗುವುದು ಇಷ್ಟು, ಸಿಗದೆ ಉಳಿಯುವುದು ಇದಕ್ಕೆ, ಇಷ್ಟು.

ಹಣವನ್ನು ಕುಟುಂಬದ ಖಾತೆಗೆ ಹಾಕಿಸುವುದನ್ನು ಬಿಟ್ಟು, ಆಸ್ಪತ್ರೆಯ ಖಾತೆಗೆ ರೋಗಿಯ ನೋಂದಣಿ ಸಂಖ್ಯೆಯೊಂದಿಗೆ ನೇರವಾಗಿ ಕಟ್ಟಿಸುತ್ತೇವೆ. ವರ್ತಕರು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು 80ಜಿ ರಸೀದಿ ಕೇಳುವುದುಂಟು. ವ್ಯಕ್ತಿಗೆ ನೇರವಾಗಿ ಕೊಟ್ಟದ್ದಕ್ಕೆ ಆ ವಿನಾಯಿತಿ ಇಲ್ಲ, ಮಾನ್ಯತೆ ಪಡೆದ ಟ್ರಸ್ಟಿಗೆ ಕೊಟ್ಟರೂ 2,000 ರೂಪಾಯಿಗೂ ಹೆಚ್ಚಿನ ನಗದಿಗೆ ಇಲ್ಲ ಎಂದು ಮೊದಲೇ ತಿಳಿಸುತ್ತೇನೆ. ಇದರಿಂದ ಕೆಲವರು ಹಿಂದೆ ಸರಿದರು. ಸರಿಯಲಿ, ಆಮೇಲೆ ಬೈದುಕೊಳ್ಳುವುದಕ್ಕಿಂತ ಅದು ಮೇಲು.

ಕೊಳಲನ್ನು ತೆಗೆದುಹಾಕಿದೆ. ಮಕ್ಕಳ ಮುಖ ತೋರಿಸುವುದಿಲ್ಲ. ಮನೆಯವರು ಏನು ಹೇಳಬೇಕೆಂದಿದ್ದಾರೋ ಅದನ್ನು ಅವರೇ ಹೇಳುತ್ತಾರೆ; ಚಿತ್ರೀಕರಿಸಿದ್ದನ್ನು ಅವರಿಗೆ ತೋರಿಸಿ, ಬೇಡವೆಂದ ಭಾಗವನ್ನು ಕತ್ತರಿಸುತ್ತೇವೆ. ಬಾಳೆಹೊನ್ನೂರಿನ ಒಬ್ಬ ತಾಯಿ “ಅಳೋದು ಬೇಡ ಅಣ್ಣಾ, ನನ್ನ ಮಗಳ ಗಂಡನ ಮನೆಯವರು ನೋಡ್ತಾರೆ” ಎಂದಾಗ, ಹಿಂದಿನ ವರ್ಷಗಳಲ್ಲಿ ಎಷ್ಟು ಮಂದಿ ಈ ಮಾತನ್ನು ಆಡಲಾಗದೆ ನುಂಗಿಕೊಂಡಿದ್ದರೋ ಎನ್ನಿಸಿತು. ಗೊತ್ತುಪಡಿಸಿದ ಮೊತ್ತ ತುಂಬಿದ ದಿನ ‘ಸಾಕು, ಇನ್ನು ಹಾಕಬೇಡಿ’ ಎಂದು ಪ್ರಸಾರ ಮಾಡುತ್ತೇವೆ. ನಮ್ಮ ಕೆಲಸದಲ್ಲಿ ಜನರ ನಂಬಿಕೆಯನ್ನು ಮರಳಿ ತಂದದ್ದು ಬೇರೆಲ್ಲಕ್ಕಿಂತ ಹೆಚ್ಚಾಗಿ ಈ ಒಂದು ಸಾಲು ಎಂಬುದು ನನ್ನ ಎಣಿಕೆ. ಮೊದಲ ಬಾರಿ ಹಾಗೆ ಪ್ರಸಾರವಾದ ಮರುದಿನ ಕಿರಾಣಿ ಅಂಗಡಿಯವರು ತಾವೇ ಕರೆ ಮಾಡಿ ಡಬ್ಬಿ ಕಳುಹಿಸಲು ಹೇಳಿದರು.

ರೋಗಿ ಚಿಕಿತ್ಸೆಯ ನಡುವೆಯೇ ತೀರಿಕೊಂಡರೆ ಉಳಿದ ಹಣ ಯಾರದು ಎಂಬುದು ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಕುಟುಂಬಕ್ಕೆ ಕೊಡಬೇಕೆಂದು ಕೆಲವು ದಾನಿಗಳು, ಮತ್ತೊಬ್ಬ ರೋಗಿಗೆ ಕೊಡಬೇಕೆಂದು ಕೆಲವರು, ಹಿಂದಿರುಗಿಸಬೇಕೆಂದು ಒಬ್ಬಿಬ್ಬರು ಹೇಳುತ್ತಾರೆ. ಮನವಿಯಲ್ಲಿಯೇ ‘ಉಳಿದ ಹಣವನ್ನು ಮುಂದಿನ ರೋಗಿಗೆ ಬಳಸಲಾಗುವುದು’ ಎಂದು ಓದುವುದು ನಾವು ಕಂಡುಕೊಂಡ ದಾರಿ. ಆದರೆ ಜೀವಕ್ಕಾಗಿ ಬೇಡುತ್ತಿರುವ ಮನೆಯವರ ಎದುರು ಕುಳಿತು ಆ ಸಾಲಿಗೆ ಒಪ್ಪಿಗೆ ಪಡೆಯುವುದು ಪ್ರತಿ ಸಲವೂ ಕಷ್ಟವಾಗುತ್ತದೆ.

ಮೊಬೈಲ್ ಬಂದ ಮೇಲಿನ ತೊಂದರೆ ಇನ್ನೊಂದು ಬಗೆಯದು. ನಾವು 2017ರ ಕೊನೆಯಲ್ಲಿ ಪ್ರಸಾರ ಮಾಡಿ ಮುಗಿಸಿದ್ದ ಮನವಿಯ ಚಿತ್ರವೊಂದು ನಾಲ್ಕು ವರ್ಷಗಳ ನಂತರ, ಯಾರದೋ ಕ್ಯೂಆರ್ ಕೋಡ್ ಅಂಟಿಸಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತು. ಅಂದಿನಿಂದ ಪ್ರತಿ ಚಿತ್ರದ ಮೇಲೆ ಮನವಿಯ ದಿನಾಂಕವನ್ನೂ ಕೊನೆಯ ದಿನಾಂಕವನ್ನೂ ಅಳಿಸಲಾಗದಂತೆ ದೊಡ್ಡದಾಗಿ ಅಚ್ಚು ಮಾಡುತ್ತೇವೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ ಮರುವರ್ಷ ಅದೇ ತಿಂಗಳು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿಯೂ ಗುಡ್ಡ ಕುಸಿದಾಗ, ಕೇಳದೆಯೇ ಲಾರಿಗಟ್ಟಲೆ ಸಾಮಗ್ರಿ ಬಂದುದನ್ನು ಕಂಡೆ. ಉಟ್ಟು ಸವೆದ ಸೀರೆಗಳ ರಾಶಿಯನ್ನು ಏನು ಮಾಡುವುದೆಂದು ತಿಳಿಯದೆ ಸ್ವಯಂಸೇವಕರು ಸೋತಿದ್ದರೆಂಬುದು ಬೇರೆ ಮಾತು. ಜನರಲ್ಲಿ ಕೊಡುವ ಮನಸ್ಸು ಬತ್ತಿದೆ ಎಂದು ನಮ್ಮ ಸಹೋದ್ಯೋಗಿಗಳು ಹೇಳಿದಾಗಲೆಲ್ಲ ನನಗೆ ಆ ಲಾರಿಗಳು ನೆನಪಾಗುತ್ತವೆ.

ಈಗಲೂ ಟಿವಿ ಮನವಿಗೆ ಬರುವ ಮೊತ್ತ 2006ರ ಮಟ್ಟಕ್ಕೆ ಮರಳಿಲ್ಲ, ಮರಳುವ ನಿರೀಕ್ಷೆಯೂ ನನಗಿಲ್ಲ. ಸದ್ಯ ನಡೆಯುತ್ತಿರುವುದು ಬಣಕಲ್ ಕಡೆಯ ಮೂತ್ರಪಿಂಡದ ರೋಗಿಯೊಬ್ಬರ ಮನವಿ. ಡಯಾಲಿಸಿಸ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ವಾರಕ್ಕೆ ಮೂರು ಬಾರಿ ಅಲ್ಲಿಗೆ ಹೋಗಿಬರುವ ಖರ್ಚು ಮಾತ್ರ ಅವರದು. ಜೊತೆಗೆ ಬರುವ ಹೆಂಡತಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತ, ರೋಗಿಗೆ ಟಿಕೆಟ್. ಡಯಾಲಿಸಿಸ್ ಮುಗಿದ ಸಂಜೆ ಬಸ್ಸಿನಲ್ಲಿ ನಿಂತು ಹೋಗಲಾಗದ ದಿನಗಳಲ್ಲಿ ಆಟೋ. ಮೂವತ್ತು ಜನ ತಿಂಗಳಿಗೆ 200 ರೂಪಾಯಿಯಂತೆ ಒಂದು ವರ್ಷ ಕೊಟ್ಟರೆ ಸಾಕೆಂದು ಕೇಳಿದೆವು, ಇಪ್ಪತ್ತಾರು ಜನ ಸಿಕ್ಕಿದ್ದಾರೆ. ಈ ತಿಂಗಳ ಲೆಕ್ಕವನ್ನು ಶನಿವಾರದ ವಾರ್ತೆಯಲ್ಲಿ ಓದಬೇಕು. ಆಟೋದವರು ಎರಡು ದಿನದ ಬಾಡಿಗೆ ತೆಗೆದುಕೊಂಡಿಲ್ಲ, ಅದನ್ನೂ ಸೇರಿಸಿಕೊಳ್ಳಬೇಕು.