ಕೆರೆಯ ಮೇಲೆ ಪಿಎಚ್‌.ಡಿ.: ಸರಿಯಾದ ವಿಭಾಗ ಸಿಕ್ಕಿದ್ದು ಹೀಗೆ

ನನ್ನ ವಿಷಯ ಕೋಲಾರದ ಕೆರೆಗಳು. ಶಾಸನ ಓದಬೇಕು, ನೀರಿನ ಲೆಕ್ಕ ಬೇಕು, ಕೆರೆ ನೀರು ಹಂಚುವ ನೀರುಗಂಟಿಗಳ ಮಾತೂ ಕೇಳಬೇಕು. ಒಂದು ವಿಶ್ವವಿದ್ಯಾಲಯದ ಇತಿಹಾಸದವರು ಇದು ಭೂಗೋಳ ಅಂದರು. ಭೂಗೋಳದವರು ಇತಿಹಾಸಕ್ಕೇ ವಾಪಸ್ ಕಳಿಸಿದರು!

ದಾರಿ ಸಿಕ್ಕಿದ್ದು ಶೋಧಗಂಗಾ ಅನ್ನುವ ಜಾಲತಾಣದಲ್ಲಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳನ್ನು ಅಲ್ಲಿ ಉಚಿತವಾಗಿ ಓದಬಹುದು. ‘ಅಂತರಶಿಸ್ತೀಯ’ (ಹಲವು ವಿಷಯ ಬೆರೆತ) ಅಂತ ಹುಡುಕಿದರೆ ಸುಮ್ನೆ ರಾಶಿ ಬೀಳುತ್ತದೆ. ಕೆರೆ, ನೀರಾವರಿ ಅಂತಲೇ ಹುಡುಕಿದೆ, ಇಂಗ್ಲಿಷಿನಲ್ಲೂ. ಸಿಕ್ಕ ಪ್ರಬಂಧಗಳ ವಿಭಾಗ, ಗೈಡ್ ಹೆಸರು ಬರೆದುಕೊಂಡೆ. ಆಮೇಲೆ ಕೊನೆಯ ಗ್ರಂಥಸೂಚಿ ನೋಡಿದೆ. ಶಾಸನ ಸಂಪುಟವೂ ಜಲವಿಜ್ಞಾನದ ಲೇಖನವೂ ಒಟ್ಟಿಗೆ ಇದ್ದರೆ, ಆ ಗೈಡ್ ಬೆರಕೆ ವಿಷಯಕ್ಕೆ ಹೆದರುವವರಲ್ಲ. ವೆಬ್‌ಸೈಟಿನ ದೊಡ್ಡ ಮಾತುಗಳಿಗಿಂತ ಇದನ್ನೇ ಜಾಸ್ತಿ ನಂಬುತ್ತೇನೆ.

ಪಟ್ಟಿಯಲ್ಲಿ ಉಳಿದದ್ದು ಐಐಟಿಗಳ ಮಾನವಿಕ, ಸಮಾಜವಿಜ್ಞಾನ ವಿಭಾಗಗಳು ಮತ್ತು ಬೆಂಗಳೂರಿನ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್). ಜೆ.ಆರ್.ಡಿ. ಟಾಟಾ ಕನಸಿನಿಂದ 1988ರಲ್ಲಿ ಶುರುವಾದ ನಿಯಾಸ್‌ನಲ್ಲಿ ವಿಜ್ಞಾನದವರೂ ಮಾನವಿಕದವರೂ ಒಂದೇ ಸೂರಿನಡಿ ಇದ್ದಾರೆ. ಸಂಶೋಧನಾ ಸಂಸ್ಥೆಗೆ ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಅದನ್ನು ನೋಡುತ್ತಾರೆ.

ಶಿಕಾಗೊ ವಿಶ್ವವಿದ್ಯಾಲಯದಲ್ಲಿ 1941ರಿಂದಲೂ ಕಮಿಟಿ ಆನ್ ಸೋಷಿಯಲ್ ಥಾಟ್ ಅನ್ನುವ, ಹಲವು ವಿಷಯ ಬೆರೆಸುವ ವಿಭಾಗ ಇದೆ. ಕೋಲಾರದ ಕೆರೆಗೆ ಅಷ್ಟು ದೂರ ಯಾಕೆ, ಅಲ್ವಾ?

ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಅಂಕಗಳನ್ನು 2024ರಿಂದ ಪಿಎಚ್‌.ಡಿ. ಪ್ರವೇಶಕ್ಕೂ ಬಳಸುತ್ತಾರೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಗದಿದ್ದರೆ ಆ ಅಂಕಕ್ಕೆ ಒಂದೇ ವರ್ಷದ ಆಯುಸ್ಸು. ಹಾಗಾಗಿ ಮೊದಲು ಗೈಡ್‌ಗೆ ಒಂದು ಪುಟದ ಮೇಲ್ ಬರೆದೆ, ಆಮೇಲೆ ಪರೀಕ್ಷೆ. ಈಗ ಒಂದು ಐಐಟಿಯಲ್ಲಿದ್ದೇನೆ. ಸಹ-ಗೈಡ್ ಸಿವಿಲ್ ಎಂಜಿನಿಯರಿಂಗ್‌ನವರು.