ಬ್ಲೂ ರಿಡ್ಜ್ ಪಾರ್ಕ್‌ವೇಲಿ ಆರ್‌ವಿ ಟ್ರಿಪ್, ಗಂಡ ಹೆಂಡ್ತಿ ಇಬ್ಬರೇ ಹೋಗೋದಾದ್ರೆ

ಮೊದಲು ಒಂದ್ ಮಾತು, ಪೂರ್ತಿ ರೋಡು ಮುಗಿಸ್ಲೇಬೇಕು ಅನ್ನೋ ಹಠ ಬಿಟ್ಬಿಡಿ. ಬ್ಲೂ ರಿಡ್ಜ್ ಪಾರ್ಕ್‌ವೇ ಅಂದ್ರೆ ಅಮೆರಿಕದಲ್ಲಿ ಬೆಟ್ಟಗಳ ಮೇಲೆ ಹೋಗೋ ರೋಡು, ಒಟ್ಟು 469 ಮೈಲಿ, ವರ್ಜೀನಿಯಾದ ರಾಕ್‌ಫಿಶ್ ಗ್ಯಾಪಲ್ಲಿ ಶುರುವಾಗಿ ನಾರ್ತ್ ಕೆರೊಲಿನಾದ ಚೆರೋಕಿ ಹತ್ರ ಮುಗಿಯತ್ತೆ, ಸ್ಪೀಡ್ ಲಿಮಿಟ್ ಜಾಸ್ತಿ ಅಂದ್ರೆ 45, ಕೆಲವು ಕಡೆ ಇನ್ನೂ ಕಮ್ಮಿ, ತಿರುವುಗಳಲ್ಲಿ ಆರ್‌ವಿ (ಒಳಗೇ ಅಡುಗೆ ಮಾಡಿ ಮಲಗೋ ವ್ಯವಸ್ಥೆ ಇರೋ ಗಾಡಿ) ಓಡಿಸ್ತಾ 35 ದಾಟೋಕೂ ಮನಸ್ಸು ಬರಲ್ಲ. ಇಂಟರ್‌ಸ್ಟೇಟ್ ಲೆಕ್ಕ ಹಾಕಿ ದಿನಕ್ಕೆ 250 ಮೈಲಿ ಅಂತ ಪ್ಲಾನ್ ಮಾಡಿದ್ರೆ ಓಡಿಸೋರು ರೋಡ್ ನೋಡ್ತಾರೆ, ಪಕ್ಕದಲ್ಲಿ ಕೂತೋರು ಗಡಿಯಾರ ನೋಡ್ತಾರೆ, ಬೆಟ್ಟ ಯಾರೂ ನೋಡಲ್ಲ. ದಿನಕ್ಕೆ 60-70 ಮೈಲಿ ಸಾಕು, ಮಧ್ಯಾಹ್ನ ಮೂರ್ ಗಂಟೆಗೆ ಗಾಡಿ ಕ್ಯಾಂಪಲ್ಲಿ ನಿಂತಿರ್ಬೇಕು.

ರಾಲಿ, ಕ್ಯಾರಿ, ಮಾರಿಸ್‌ವಿಲ್ ಕಡೆ ಇರೋ ನಮ್ಮ ಜನಕ್ಕೆ ನಾನು ಹೇಳೋದು ಕೆಳಗಿನ ಭಾಗ ಮಾತ್ರ ಮಾಡಿ ಅಂತ. ಯುಎಸ್ 421 ಹಿಡಿದ್ರೆ ಗ್ರೀನ್ಸ್‌ಬರೋ, ವಿನ್ಸ್ಟನ್-ಸೇಲಮ್, ವಿಲ್ಕ್ಸ್‌ಬರೋ ದಾಟಿ ಡೀಪ್ ಗ್ಯಾಪಲ್ಲಿ ಪಾರ್ಕ್‌ವೇ ಸಿಗತ್ತೆ, ಅದು ಮೈಲ್‌ಪೋಸ್ಟ್ 276, ಅಂದ್ರೆ ರೋಡ್ ಶುರುವಾದಲ್ಲಿಂದ 276ನೇ ಮೈಲಿ. ಅಲ್ಲಿಂದ ಚೆರೋಕಿವರೆಗೆ 193 ಮೈಲಿ, ಆರಾಮಾಗಿ ನಾಲ್ಕೈದು ರಾತ್ರಿ. ಈ ರೋಡಲ್ಲಿ ಎಲ್ಲಾನೂ ಮೈಲ್‌ಪೋಸ್ಟ್ ಲೆಕ್ಕದಲ್ಲೇ ಹೇಳೋದು, ಅಡ್ರೆಸ್ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ, ಹಾಗಾಗಿ ನಂಬರ್‌ಗಳನ್ನ ಪೇಪರ್ ಮೇಲೆ ಬರ್ಕೊಂಡು ಡ್ಯಾಶ್‌ಬೋರ್ಡ್ ಮೇಲಿಟ್ಕೊಳಿ. ಸಿಗ್ನಲ್ ಬಹಳ ಕಡೆ ಬರಲ್ಲ, ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಂಡೇ ಮನೆ ಬಿಡಿ.

ಗಾಡಿ ವಿಷಯ. ಇಬ್ಬರಿಗೆ 22ರಿಂದ 25 ಅಡಿ ಕ್ಲಾಸ್ ಸಿ (ಮುಂಭಾಗ ವ್ಯಾನ್ ಥರ ಇರೋ ಆರ್‌ವಿ) ಧಾರಾಳ. ರೆಂಟಲ್ ವೆಬ್‌ಸೈಟಲ್ಲಿ 30 ಅಡಿದು ಸ್ವಲ್ಪ ಜಾಸ್ತಿ ದುಡ್ಡಿಗೆ ಕಾಣತ್ತೆ, ಒಳಗೆ ಸೋಫಾ ಬೇರೆ ಇರತ್ತೆ, ಆಸೆ ಆಗತ್ತೆ, ಬೇಡ. ಕ್ಯಾಂಪಲ್ಲಿ ಗಾಡಿ ನಿಲ್ಸೋ ಎಲ್ಲಾ ಸೈಟಿಗೂ ಉದ್ದದ ಲಿಮಿಟ್ ಇರತ್ತೆ, ಓವರ್‌ಲುಕ್‌ಗಳ (ನಿಂತು ಬೆಟ್ಟ ನೋಡೋ ಜಾಗಗಳ) ಪಾರ್ಕಿಂಗೂ ಚಿಕ್ಕದು. ಇಂಥ ಗಾಡಿಗೆ ಮಾಮೂಲಿ ಕಾರ್ ಲೈಸೆನ್ಸ್ ನಡೆಯತ್ತೆ. ಬುಕ್ ಮಾಡೋವಾಗ ದಿನದ ಬಾಡಿಗೆ ಒಂದೇ ನೋಡ್ಬೇಡಿ, ಮೈಲಿಗೆ ಎಷ್ಟು, ಜನರೇಟರ್ ಗಂಟೆಗೆ ಎಷ್ಟು, ಇನ್ಶೂರೆನ್ಸ್ ಎಷ್ಟು ಅಂತ ಕೇಳಿ ಕೂಡಿಸಿ ನೋಡಿ, ಆಗ ನಿಜವಾದ ರೇಟ್ ಗೊತ್ತಾಗತ್ತೆ. ಗಾಡಿ ಎತ್ತರ ಎಷ್ಟು ಅಂತಾನೂ ಕೇಳಿ, ಮೇಲಿರೋ ಎಸಿ ಸೇರಿಸಿ. ಪಾರ್ಕ್‌ವೇಲಿ 26 ಟನಲ್ ಇದೆ, 25 ನಾರ್ತ್ ಕೆರೊಲಿನಾದಲ್ಲೇ, ಕಮಾನು ಥರ ಇರೋದ್ರಿಂದ ಮಧ್ಯದಲ್ಲಿ ಎತ್ತರ, ಅಂಚಲ್ಲಿ ತಗ್ಗು. ಪ್ರತಿ ಟನಲ್ ಎತ್ತರ ನ್ಯಾಷನಲ್ ಪಾರ್ಕ್ ಸರ್ವಿಸ್ ವೆಬ್‌ಸೈಟಲ್ಲಿದೆ, ನಿಮ್ಮ ಗಾಡಿ ಜೊತೆ ಹೋಲಿಸಿ ನೋಡ್ಕೊಳಿ. ಟನಲ್ ಒಳಗೆ ಹೋಗೋ ಮುಂಚೆ ಹೆಡ್‌ಲೈಟ್ ಹಾಕಿ.

ಅದೇ ವೆಬ್‌ಸೈಟಲ್ಲಿ ರೋಡ್ ಸ್ಟೇಟಸ್ ಪೇಜೂ ಇದೆ, ಹೊರಡೋ ಹಿಂದಿನ ದಿನ ಮತ್ತೆ ನೋಡ್ಲೇಬೇಕು. 2024 ಸೆಪ್ಟೆಂಬರಲ್ಲಿ ಹೆಲೀನ್ ಚಂಡಮಾರುತ ಬಂದಾಗ ಲಿನ್ವಿಲ್ ಫಾಲ್ಸಿಂದ ಮೌಂಟ್ ಮಿಚೆಲ್ ಕಡೆ ಬೆಟ್ಟ ಕುಸಿದು ರೋಡೇ ಕೊಚ್ಚಿಹೋಗಿತ್ತು, ರಿಪೇರಿಗೆ ಬಹಳ ಕಾಲ ಹಿಡಿಯೋ ಹಾನಿ ಅದು. ಆ ಭಾಗ ಬಂದ್ ಅಂತ ಕಂಡ್ರೆ ಲಿನ್ವಿಲ್ ಫಾಲ್ಸ್ ಹತ್ರ ಯುಎಸ್ 221ಕ್ಕೆ ಇಳಿದು ಮ್ಯಾರಿಯನ್, ಅಲ್ಲಿಂದ ಐ-40 ಹಿಡಿದು ಆಶ್‌ವಿಲ್ ಸೇರ್ಕೊಳಿ. ಚಳಿಗಾಲದಲ್ಲಂತೂ ಐಸ್ ಬಿದ್ರೆ ಗೇಟ್ ಹಾಕ್ಬಿಡ್ತಾರೆ.

ಮೊದಲ ರಾತ್ರಿಗೆ ಜೂಲಿಯನ್ ಪ್ರೈಸ್ ಕ್ಯಾಂಪ್‌ಗ್ರೌಂಡ್, ಮೈಲ್‌ಪೋಸ್ಟ್ 297, ಪಕ್ಕದಲ್ಲೇ ಕೆರೆ. ಎರಡು ರಾತ್ರಿ ಅಲ್ಲೇ ಇದ್ರೂ ನಷ್ಟ ಇಲ್ಲ. ಅಲ್ಲಿಂದ ಏಳು ಮೈಲಿ ಮುಂದೆ ಲಿನ್ ಕೋವ್ ವಯಾಡಕ್ಟ್, ಗ್ರ್ಯಾಂಡ್‌ಫಾದರ್ ಮೌಂಟನ್ ಪಕ್ಕೆಗೆ ಅಂಟ್ಕೊಂಡು ಬಾಗ್ತಾ ಹೋಗೋ 1,243 ಅಡಿ ಸೇತುವೆ. 1935ರಲ್ಲಿ ಶುರುವಾದ ಪಾರ್ಕ್‌ವೇ 1987ರವರೆಗೆ ಪೂರ್ತಿ ಆಗ್ದೇ ಇದ್ದಿದ್ದು ಈ ತುಂಡಿಗೋಸ್ಕರಾನೇ, ಬೆಟ್ಟ ಕಡೀದೇ ದಾಟೋದು ಹೇಗೆ ಅಂತ. ಸೇತುವೆ ಮೇಲೆ ನಿಲ್ಸೋ ಹಾಗಿಲ್ಲ, ಆಚೆ ಕಡೆ ಪಾರ್ಕ್ ಮಾಡಿ ನಡ್ಕೊಂಡ್ ಬಂದು ಅಡಿಯಿಂದ ನೋಡಿ. ಆಮೇಲೆ ಒಂದ್ ರಾತ್ರಿ ಆಶ್‌ವಿಲ್ ಹತ್ರ ಕರೆಂಟು ನೀರು ಎಲ್ಲಾ ಇರೋ ಪ್ರೈವೇಟ್ ಆರ್‌ವಿ ಪಾರ್ಕಲ್ಲಿ ಹಾಕಿ, ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡಿ, ಸ್ನಾನ ಮಾಡಿ, ಬಟ್ಟೆ ಒಗೀರಿ. ಪೆಟ್ರೋಲೂ ಅಲ್ಲೇ ತುಂಬಿಸಿ, ಪಾರ್ಕ್‌ವೇ ಮೇಲೆ ಒಂದೇ ಒಂದು ಬಂಕ್ ಇಲ್ಲ, ಅರ್ಧ ಟ್ಯಾಂಕ್ ಆಯ್ತು ಅಂದ್ರೆ ಹತ್ತಿರದ ಊರಿಗೆ ಇಳಿದುಬಿಡಿ.

ಅದಾದ್ಮೇಲೆ ಮೌಂಟ್ ಪಿಸ್ಗಾ, ಮೈಲ್‌ಪೋಸ್ಟ್ 408, ಹತ್ತತ್ರ 5,000 ಅಡಿ. ಜುಲೈಲೂ ರಾತ್ರಿ ಸ್ವೆಟರ್ ಬೇಕು. ಪಾರ್ಕ್‌ವೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಹುಕಪ್ (ಗಾಡಿಗೆ ಕರೆಂಟ್ ಕೊಡೋ ಪ್ಲಗ್ ಪಾಯಿಂಟ್) ಇಲ್ಲ, ಇದನ್ನ ಸರಿಯಾಗಿ ತಲೇಲಿಟ್ಕೊಳಿ. ಹೀಟರ್ ಗ್ಯಾಸಲ್ಲಿ ಉರಿದ್ರೂ ಗಾಳಿ ಊದೋ ಫ್ಯಾನ್ ಬ್ಯಾಟರಿ ತಿನ್ನತ್ತೆ, ರಾತ್ರಿಯೆಲ್ಲಾ ಜೋರಾಗಿ ಹಾಕಿದ್ರೆ ಬೆಳಿಗ್ಗೆ ಲೈಟೂ ಇಲ್ಲ ನೀರಿನ ಪಂಪೂ ಇಲ್ಲ. ಕಂಬಳಿ ಎರಡು ಜಾಸ್ತಿ ತಗೊಂಡು ಥರ್ಮೋಸ್ಟಾಟ್ ತಗ್ಗಿಸಿ ಮಲ್ಕೊಳಿ.

ಅಡುಗೆ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ಇಲ್ಲೇ ಎಲ್ಲಾರೂ ಎಡವೋದು. ಅಷ್ಟು ಎತ್ತರದಲ್ಲಿ ನೀರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯತ್ತೆ, ತೆರೆದ ಪಾತ್ರೇಲಿ ಬೇಳೆ ಇಟ್ರೆ ಗ್ಯಾಸ್ ಖಾಲಿ ಆಗ್ತಿರತ್ತೆ, ಬೇಳೆ ಮಾತ್ರ ಬೇಯಲ್ಲ. ಮೂರು ಲೀಟರ್ ಕುಕ್ಕರ್ ಒಂದು ತಗೊಂಡ್ಹೋಗಿ, ಅನ್ನ, ಸಾರು, ಕಿಚಡಿ ಎಲ್ಲಾ ಅದ್ರಲ್ಲೇ ಮುಗಿಯತ್ತೆ. ಚಟ್ನಿಪುಡಿ, ಹುಳಿಪುಡಿ, ಗೊಜ್ಜು, ಹುರಿದ ರವೆ ಮನೇಲೇ ಮಾಡಿ ಡಬ್ಬಿಗೆ ತುಂಬಿ, ಮಿಕ್ಸಿಗೋಸ್ಕರ ಜನರೇಟರ್ ಹಾಕಿದ್ರೆ ಅಕ್ಕಪಕ್ಕದೋರು ಎದ್ದು ಬರ್ತಾರೆ. ಒಗ್ಗರಣೆ ಹಾಕೋವಾಗ ಫ್ಯಾನ್ ಹಾಕಿ ಕಿಟಕಿ ತೆಗೀರಿ, ಸ್ಮೋಕ್ ಅಲಾರಂ ಒಲೆಗೆ ಹತ್ರಾನೇ ಇರತ್ತೆ, ಒಣಮೆಣಸಿನಕಾಯಿ ಘಾಟಿಗೆ ಕಿರುಚೋಕೆ ಶುರು ಮಾಡತ್ತೆ. ಊಟ ಆದ್ಮೇಲೆ ಪಾತ್ರೆ, ಕಸ, ಎಣ್ಣೆ ಬಾಟ್ಲು ಏನೂ ಹೊರಗೆ ಬಿಡ್ಬೇಡಿ, ಇದು ಕರಡಿ ಓಡಾಡೋ ಜಾಗ. ಹುಕಪ್ ಇರೋ ಪಾರ್ಕಲ್ಲೂ 30 ಆಂಪ್ ಅಂದ್ರೆ 3,600 ವಾಟ್ ಅಷ್ಟೇ, ಎಸಿ, ಮೈಕ್ರೋವೇವ್, ಇನ್ಸ್ಟಂಟ್ ಪಾಟ್ ಮೂರೂ ಒಟ್ಟಿಗೆ ಹಾಕಿದ್ರೆ ಬ್ರೇಕರ್ ಬೀಳತ್ತೆ.

ಓಡಿಸೋದು. ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳೀಬೇಡಿ, ಟೋ-ಹಾಲ್ ಬಟನ್ (ಇಳಿಜಾರಲ್ಲಿ ಗೇರ್ ತಾನೇ ತಗ್ಗಿಸೋದು) ಒತ್ತಿ ಅಥವಾ ಗೇರ್ ಕೆಳಗೆ ಹಾಕಿ ಇಂಜಿನ್ನೇ ಹಿಡ್ಕೊಳ್ಳೋಕೆ ಬಿಡಿ. ಹಿಂದೆ ನಾಲ್ಕು ಕಾರು ಸೇರಿದ್ರೆ ಮುಂದಿನ ಓವರ್‌ಲುಕಲ್ಲಿ ಪಕ್ಕಕ್ಕೆ ತಗೊಂಡು ಬಿಟ್ಕೊಡಿ. ಮಳೆ ಬಂದ್ಮೇಲೆ ಹುಲ್ಲಿನ ಅಂಚಿಗೆ ಇಳಿಸ್ಬೇಡಿ, ಹೂತ್ಕೊಳ್ಳತ್ತೆ.

ರಿವರ್ಸ್ ಹಾಕೋವಾಗ ಒಬ್ರು ಇಳೀಲೇಬೇಕು. ಡ್ರೈವರ್ ಸೈಡ್ ಹಿಂದಿನ ಮೂಲೇಲಿ, ಕನ್ನಡೀಲಿ ಕಾಣೋ ಹಾಗೆ ನಿಂತ್ಕೊಳಿ, ಕನ್ನಡೀಲಿ ಮನುಷ್ಯ ಕಾಣ್ಲಿಲ್ಲ ಅಂದ ತಕ್ಷಣ ಗಾಡಿ ನಿಲ್ಬೇಕು. ನಾನು ಹಿಂದೆ ನಿಂತು "ಬನ್ನಿ ಬನ್ನಿ, ಇನ್ನೂ ಬನ್ನಿ, ಸ್ವಲ್ಪ ಆ ಕಡೆ ರೀ" ಅಂತೀನಿ, ನಮ್ಮವರು ಒಳಗಿಂದ "ಆ ಕಡೆ ಅಂದ್ರೆ ಯಾವ್ ಕಡೆನೇ" ಅಂತಾರೆ, ಇಷ್ಟರಲ್ಲಿ ಪಕ್ಕದ ಸೈಟೋರು ಕುರ್ಚಿ ಈ ಕಡೆ ತಿರುಗಿಸ್ಕೊಂಡಿರ್ತಾರೆ. ಕೂಗೋದು ಬಿಟ್ಟು ಕೈ ಸನ್ನೆ ಇಟ್ಕೊಳಿ, ಎರಡೂ ಕೈ ಅಡ್ಡ ಕಟ್ಟಿದ್ರೆ ಸ್ಟಾಪ್, ಮಿಕ್ಕಿದ್ದು ಮನೆ ಮುಂದೇನೇ ಒಂದ್ಸಲ ಪ್ರಾಕ್ಟೀಸ್ ಮಾಡ್ಕೊಳಿ. ಮೇಲಿನ ಕೊಂಬೆ ನೋಡೋದೂ ಕೆಳಗಿಳಿದೋರ ಕೆಲ್ಸಾನೇ.

ಪಿಸ್ಗಾ ಆದ್ಮೇಲೆ ಮೋಡ ರೋಡ್ ಮೇಲೇ ಕೂತಿರತ್ತೆ, ಬೆಳಿಗ್ಗೆ ಹತ್ತರವರೆಗೆ ಕಾಫಿ ಕುಡೀತಾ ಕಾಯಿರಿ, ಅವಸರ ಏನಿಲ್ಲ. ಮೈಲ್‌ಪೋಸ್ಟ್ 431ರ ರಿಚ್‌ಲ್ಯಾಂಡ್ ಬಾಲ್ಸಮ್ ಪಾರ್ಕ್‌ವೇಯ ಅತಿ ಎತ್ತರದ ಜಾಗ, 6,053 ಅಡಿ. ಬಣ್ಣದ ಎಲೆ ನೋಡೋಕೆ ಹೋಗೋರು ಅಕ್ಟೋಬರಲ್ಲಿ, ಆದಷ್ಟೂ ವೀಕ್‌ಡೇಲೇ ಹೋಗಿ, ಸೈಟ್ ಮೊದಲೇ ರಿಸರ್ವ್ ಮಾಡಿ. ಪಾರ್ಕ್‌ವೇಗೆ ಎಂಟ್ರಿ ಫೀ ಇಲ್ಲ, ಆದ್ರೆ ಚೆರೋಕಿ ದಾಟಿ ಸ್ಮೋಕಿ ಮೌಂಟನ್ಸ್ ಒಳಗೆ 15 ನಿಮಿಷಕ್ಕಿಂತ ಜಾಸ್ತಿ ನಿಲ್ಸೋದಾದ್ರೆ ಪಾರ್ಕಿಂಗ್ ಟ್ಯಾಗ್ ತಗೋಬೇಕು. ಅಲ್ಲಿ ಓಕೊನಲಫ್ಟೀ ಬಯಲಲ್ಲಿ ಸಂಜೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬರ್ತವೆ, 50 ಗಜ ದೂರದಿಂದಲೇ ನೋಡಿ.

ವಾಪಸ್ ಬರೋವಾಗ ಯುಎಸ್ 441 ಹಿಡಿದು ಡಿಲ್ಸ್‌ಬರೋ, ಅಲ್ಲಿಂದ ಯುಎಸ್ 74. ಗಾಡಿ ವಾಪಸ್ ಕೊಡೋ ಮುಂಚೆ ಟ್ಯಾಂಕ್ ಖಾಲಿ ಮಾಡ್ಬೇಕು, ಕೈಗೆ ಗ್ಲೌಸ್ ಹಾಕ್ಕೊಂಡು ಮೊದಲು ಟಾಯ್ಲೆಟ್‌ದು, ಆಮೇಲೆ ಸ್ನಾನ ಸಿಂಕ್ ನೀರು, ಆಗ ಪೈಪು ತಾನೇ ತೊಳ್ಕೊಳ್ಳತ್ತೆ. ಈ ಕೆಲ್ಸ ಯಾರದು ಅಂತ ಮಾತ್ರ ಮನೆ ಬಿಡೋ ಮುಂಚೆನೇ ತೀರ್ಮಾನ ಮಾಡ್ಕೊಳಿ, ನಮ್ಮನೇಲಿ ಅಡುಗೆ ಮಾಡಿದೋರು ಇದನ್ನ ಮುಟ್ಟಲ್ಲ.